ಸ್ಕ್ಯಾನ್ ನಾರ್ಮಲ್ ಬಂತು, ಇನ್ನು ಆಡಬಹುದಾ ಡಾಕ್ಟರೇ?



ಇಷ್ಟು ದಿನ ಬಿಪಿ, ಕೊಲೆಸ್ಟರಾಲ್, ಸ್ಟೆಂಟ್ ಎಂದೆಲ್ಲ ಬರೆದವನು ಇವತ್ತು ತಲೆಯ ವಿಷಯ ತೆಗೆದಿದ್ದೇನೆ. ಹೃದಯದ ಡಾಕ್ಟರಿಗೆ ತಲೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕಾರಣ ಎರಡು. ಮೈದಾನದಲ್ಲಿ ಮಗು ತಲೆ ತಿರುಗಿ ಕೂತರೆ ಎಷ್ಟೋ ತಂದೆತಾಯಿ ಮೊದಲು ಇಸಿಜಿ ಮಾಡಿಸಲು ನಮ್ಮ ಬಳಿಗೇ ಓಡಿ ಬರುತ್ತಾರೆ. ಎರಡನೆಯ ಕಾರಣ ಹೇಳಲು ಸ್ವಲ್ಪ ನಾಚಿಕೆ. ನಮ್ಮ ಮನೆಯ ಹುಡುಗನ ವಿಷಯದಲ್ಲೇ ನಾನು ತಪ್ಪು ಸಲಹೆ ಕೊಟ್ಟಿದ್ದೆ.

ನನ್ನ ತಂಗಿ ಇರುವುದು ಪುಣೆಯಲ್ಲಿ. ಅವಳ ಮಗನಿಗೆ ಆಗ 14 ವರ್ಷ. ಒಂದು ಶನಿವಾರ ಬೆಳಿಗ್ಗೆ ಮೈದಾನದಿಂದಲೇ ಫೋನ್ ಮಾಡಿದಳು.

"ಅಣ್ಣಾ, ಇವಂಗ ಬಾಲ್ ತಲಿಗೆ ಬಡದದ. ಹೆಲ್ಮೆಟ್ ಇತ್ತು. ಎದ್ದು ಕೂತಾನ, ಆದ್ರ ತಲಿ ತಿರಗ್ಲಿಕ್ಕೆ ಹತ್ಯದ ಅಂತಾನ. ಇಸಿಜಿ ಮಾಡಿಸ್ಲೇನು?"

ಇಸಿಜಿ ಬೇಡ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಅಲ್ಲಿ ಸಿಟಿ ಸ್ಕ್ಯಾನ್ ಮಾಡಿದರು, ನಾರ್ಮಲ್ ಬಂತು. ರಿಪೋರ್ಟಿನ ಫೋಟೋ ನನಗೆ ಬಂತು. ನಾನು ಓಪಿಡಿಯ ಗಡಿಬಿಡಿಯಲ್ಲಿದ್ದೆ. "ಏನೂ ಇಲ್ಲ, ಎರಡು ದಿನ ರೆಸ್ಟ್ ಮಾಡಲಿ ಸಾಕು" ಎಂದು ಮೆಸೇಜ್ ಹಾಕಿ ಮುಂದಿನ ರೋಗಿಯನ್ನು ಕರೆದೆ. ಎಂ.ಡಿ. ಮಾಡಿದ ಡಾಕ್ಟರ್, ಸಾಲದ್ದಕ್ಕೆ ಸ್ವಂತ ಮಾಮ ಹೇಳಿದ್ದು. ಮತ್ತೆ ಯಾರನ್ನು ಕೇಳುತ್ತಾರೆ?

ಐದನೆಯ ದಿನ ಅವನ ವಯೋಮಾನದ ತಂಡದ ಸೆಲೆಕ್ಷನ್ ಇತ್ತು. ಹೋದ. ವಾರ್ಮ್ ಅಪ್‌ಗೆಂದು ಮೈದಾನ ಎರಡು ಸುತ್ತು ಓಡಿದವನೇ ಬೌಂಡರಿ ಪಕ್ಕ ವಾಂತಿ ಮಾಡಿಕೊಂಡ. ಆಮೇಲೆ ಫೀಲ್ಡಿಂಗ್‌ಗೆ ನಿಂತಾಗ ಕೈಗೇ ಬಂದ ಎರಡು ಕ್ಯಾಚ್ ಬಿಟ್ಟ. ಪುಣ್ಯಕ್ಕೆ ಅಲ್ಲಿದ್ದ ಕೋಚ್ ತಿಳಿದವರು, "ಇವನ ಕಣ್ಣು ಸರಿ ಕಾಣುತ್ತಿಲ್ಲ" ಎಂದು ಬ್ಯಾಟಿಂಗ್‌ಗೆ ಬಿಡದೆ ಮನೆಗೆ ಕಳಿಸಿದರು. ಅವತ್ತು ರಾತ್ರಿ ಹುಡುಗನೇ ನನಗೆ ಫೋನ್ ಮಾಡಿದ. "ಮಾಮಾ, ಪುಸ್ತಕ ತಗದ್ರ ಅಕ್ಷರ ಅಳ್ಳಾಡ್ತಾವ. ಅವ್ವಗ ಹೇಳಬ್ಯಾಡ್ರಿ."

ಪೆಟ್ಟು ಬಿದ್ದ ದಿನದಿಂದಲೇ ಅವನಿಗೆ ಹಾಗಾಗುತ್ತಿತ್ತು. ಸೆಲೆಕ್ಷನ್ ತಪ್ಪುತ್ತದೆಂದು ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

*ಸ್ಕ್ಯಾನಿನಲ್ಲಿ ಕಾಣದ ಪೆಟ್ಟು*

ಅವನಿಗೆ ಆಗಿದ್ದು ಕನ್‌ಕಷನ್. ತಲೆಗೋ ಮುಖಕ್ಕೋ ಕುತ್ತಿಗೆಗೋ, ಕೆಲವೊಮ್ಮೆ ಮೈಗೆ ಬಿದ್ದ ಹೊಡೆತದಿಂದಲೂ ತಲೆಬುರುಡೆಯೊಳಗೆ ಮೆದುಳು ಜೋರಾಗಿ ಅಲುಗಾಡಿ, ಅದರ ಕೆಲಸ ಕೆಲ ಕಾಲ ಏರುಪೇರಾಗುವುದು. ಮೂಳೆ ಮುರಿದಿರುವುದಿಲ್ಲ, ರಕ್ತ ಸೋರಿರುವುದಿಲ್ಲ. ಸಿಟಿ ಸ್ಕ್ಯಾನ್ ಮುಖ್ಯವಾಗಿ ಹುಡುಕುವುದು ಈ ಎರಡನ್ನೇ. ಆದ್ದರಿಂದ ಕನ್‌ಕಷನ್ ಆದವರ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಮೊಬೈಲ್ ಕೆಳಗೆ ಬಿದ್ದಾಗ ಗಾಜಿಗೆ ಒಂದು ಗೀರೂ ಆಗದೆ ಫೋನ್ ಮಾತ್ರ ಪದೇ ಪದೇ ಹ್ಯಾಂಗ್ ಆಗುವುದನ್ನು ನೀವು ನೋಡಿರಬಹುದು. ಗಾಜಿನ ಫೋಟೋ ತೆಗೆದರೆ ಒಳಗಿನ ತೊಂದರೆ ಕಾಣುವುದಿಲ್ಲ.

ಒಳಗೆ ಆಗುವುದು ಇಷ್ಟು. ಹೊಡೆತಕ್ಕೆ ನರಕೋಶಗಳ ಎಳೆಗಳು ಹಿಗ್ಗಿ, ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಬರುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು ಮತ್ತೆ ಸರಿದೂಗಿಸಲು ಕೋಶಗಳಿಗೆ ಎಂದಿಗಿಂತ ಹೆಚ್ಚು ಶಕ್ತಿ ಬೇಕು. ಆದರೆ ಅದೇ ಹೊತ್ತಿಗೆ ಮೆದುಳಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಹೃದಯದ ರೋಗಿಗಳಿಗೆ ಇದು ಗೊತ್ತಿರುವ ಲೆಕ್ಕವೇ. ಮೆಟ್ಟಿಲು ಹತ್ತುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಕಟ್ಟಿಕೊಂಡ ರಕ್ತನಾಳ ಕೊಡಲಾರದು, ಎದೆ ಹಿಡಿಯುತ್ತದೆ. ಕನ್‌ಕಷನ್ ಆದ ಮೆದುಳಿನಲ್ಲೂ ಹೀಗೆ ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ. ವ್ಯತ್ಯಾಸವೆಂದರೆ ಇದು ತಾತ್ಕಾಲಿಕ. ಬಿಟ್ಟರೆ ತಾನೇ ಸರಿಯಾಗುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಸ್ವಲ್ಪ ಹೆಚ್ಚು ದಿನ ಬೇಕು, ಬಹುತೇಕ ಮಕ್ಕಳು ನಾಲ್ಕು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆ ದಿನಗಳನ್ನು ಅವರಿಗೆ ಕೊಡಬೇಕು, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ, "ಪ್ರಜ್ಞೆ ತಪ್ಪಲಿಲ್ಲವಲ್ಲ, ಹಾಗಾದರೆ ಏನಾಗಿಲ್ಲ" ಎನ್ನುವುದು. ಕನ್‌ಕಷನ್ ಆದವರಲ್ಲಿ ಬಹುಪಾಲು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಜು ಮಂಜಾಗಿ ಕಾಣುವುದು, ಬೆಳಕು ಸದ್ದು ತಡೆಯಲಾಗದಿರುವುದು, ಮಾತು ನಿಧಾನವಾಗುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಕಾರಣವಿಲ್ಲದೆ ಅಳು ಅಥವಾ ಸಿಡುಕು, "ಏನೋ ಸರಿ ಇಲ್ಲ ಅನ್ನಿಸ್ತಿದೆ" ಎಂಬ ಮಾತು. ಇವುಗಳಲ್ಲಿ ಒಂದಿದ್ದರೂ ಅನುಮಾನಿಸಲು ಸಾಕು.

ಕ್ರಿಕೆಟ್ ಮಾತ್ರ ಎಂದುಕೊಳ್ಳಬೇಡಿ. ಕಬಡ್ಡಿಯಲ್ಲಿ ರೈಡರ್ ತಲೆಗೆ ಎದುರಾಳಿಯ ಮೊಣಕಾಲು ಬಡಿಯುವುದು, ಫುಟ್‌ಬಾಲಿನಲ್ಲಿ ಇಬ್ಬರು ಒಟ್ಟಿಗೆ ಹೆಡ್ ಮಾಡಲು ಹಾರಿ ತಲೆ ತಲೆ ಗುದ್ದುವುದು, ಸೊಸೈಟಿಯ ಸ್ಕೇಟಿಂಗ್ ಕ್ಲಾಸು, ಖೋಖೋ ಕಂಬ, ಸೈಕಲ್ಲು, ಎಲ್ಲವೂ ಸೇರಿತು.

*ಮೊದಲ ಹತ್ತು ನಿಮಿಷ*

ತಲೆಗೆ ಪೆಟ್ಟು ಬಿದ್ದು ಮೇಲಿನ ಯಾವುದೇ ಲಕ್ಷಣ ಕಂಡರೆ ಮಗುವನ್ನು ಆಟದಿಂದ ಹೊರಗೆ ತನ್ನಿ. *ಅವತ್ತು ಮತ್ತೆ ಒಳಗೆ ಕಳಿಸಬೇಡಿ.* ಹತ್ತು ನಿಮಿಷ ಕೂತು ನೀರು ಕುಡಿದು ಸರಿಹೋದ ಎಂದರೂ ಬೇಡ, ಫೈನಲ್ ಇದ್ದರೂ ಬೇಡ, "ನಾನು ಆರಾಮಾಗಿದೀನಿ" ಎಂದು ಮಗುವೇ ಗೋಗರೆದರೂ ಬೇಡ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ಪೆಟ್ಟಾದವನಿಗೆ "ನಿನ್ನ ಹೆಸರೇನು" ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಕನ್‌ಕಷನ್ ಆದವನೂ ಹೆಸರು ಸರಿಯಾಗಿ ಹೇಳುತ್ತಾನೆ. "ನಾವು ಈಗ ಯಾವ ಮೈದಾನದಲ್ಲಿ ಇದ್ದೇವೆ? ಕೊನೆಯ ವಿಕೆಟ್ ಯಾರದು ಹೋಯಿತು? ಕಳೆದ ಮ್ಯಾಚ್ ಯಾರ ಜೊತೆ ಆಡಿದಿರಿ, ಗೆದ್ದಿರಾ?" ಇಂಥ ಪ್ರಶ್ನೆ ಕೇಳಿ. ತಡವರಿಸಿದರೆ ಕನ್‌ಕಷನ್ ಎಂದೇ ತಿಳಿಯಿರಿ. ಸರಿಯಾಗಿ ಹೇಳಿದ ಮಾತ್ರಕ್ಕೆ ಕನ್‌ಕಷನ್ ಇಲ್ಲ ಎಂದು ಮಾತ್ರ ತಿಳಿಯಬೇಡಿ.

ಕುತ್ತಿಗೆ ನೋವು ಎಂದರೆ, ಕೈಕಾಲು ಜೋಮು ಹಿಡಿದಿದೆ ಅಥವಾ ಶಕ್ತಿ ಇಲ್ಲ ಎಂದರೆ ಎತ್ತಿ ಕೂರಿಸಬೇಡಿ. ನಮ್ಮ ಜನಕ್ಕೆ ಬಿದ್ದವರನ್ನು ತಕ್ಷಣ ಎತ್ತಿ ನಿಲ್ಲಿಸುವ, ಮುಖಕ್ಕೆ ನೀರು ಎರಚುವ ಅಭ್ಯಾಸ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಅಪಾಯ. ಹೆಲ್ಮೆಟನ್ನೂ ಎಳೆದು ತೆಗೆಯಬೇಡಿ. ಉಸಿರಾಟ ಸರಿಯಿದೆಯಾ ನೋಡಿ, ತಲೆ ಕುತ್ತಿಗೆ ಅಲುಗದಂತೆ ಹಿಡಿದು 112ಕ್ಕೋ 108ಕ್ಕೋ ಫೋನ್ ಮಾಡಿಸಿ.

ಕೂಡಲೇ ಆಸ್ಪತ್ರೆಗೆ ಹೋಗಲೇಬೇಕಾದ ಲಕ್ಷಣಗಳಿವು: ಪ್ರಜ್ಞೆ ತಪ್ಪಿದ್ದು, ಫಿಟ್ಸ್ ಬಂದದ್ದು, ಮತ್ತೆ ಮತ್ತೆ ವಾಂತಿ, ಹೊತ್ತು ಕಳೆದಂತೆ ಹೆಚ್ಚುವ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ನಿಶ್ಶಕ್ತಿ, ಎಬ್ಬಿಸಿದರೂ ಏಳದಂಥ ಮಂಪರು, ವಿಚಿತ್ರ ಚಡಪಡಿಕೆ, ಕಿವಿ ಮೂಗಿನಿಂದ ನೀರಿನಂಥ ದ್ರವ ಅಥವಾ ರಕ್ತ. ಇವು ಬರುವುದಿದ್ದರೆ ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲಿ ಬರುತ್ತವೆ. ಆದ್ದರಿಂದ ಮೊದಲ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಇಲ್ಲಿ ರಮಣ್ ಲಾಂಬಾ ಅವರನ್ನು ನೆನೆಯಬೇಕು. ಭಾರತಕ್ಕೆ ಆಡಿದ ಬ್ಯಾಟ್ಸ್‌ಮನ್. 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟ್ಸ್‌ಮನ್ ಜೋರಾಗಿ ಹೊಡೆದ ಚೆಂಡು ತಲೆಗೆ ಬಡಿಯಿತು. ಎದ್ದು, ನಡೆದುಕೊಂಡೇ ಮೈದಾನದ ಹೊರಗೆ ಹೋದರು. ಆಮೇಲೆ ಪ್ರಜ್ಞೆ ತಪ್ಪಿತು. ತಲೆಯೊಳಗೆ ರಕ್ತಸ್ರಾವವಾಗಿತ್ತು. ಮೂರು ದಿನಕ್ಕೆ ತೀರಿಕೊಂಡರು, ವಯಸ್ಸು 38. ಒಳಗೆ ರಕ್ತ ನಿಧಾನವಾಗಿ ಸೇರುತ್ತಿರುವಾಗ ರೋಗಿ ಸ್ವಲ್ಪ ಹೊತ್ತು ಆರಾಮಾಗಿ ಮಾತಾಡುವುದು, ನಡೆಯುವುದು ವೈದ್ಯರಿಗೆ ಹೊಸದಲ್ಲ. ಎದ್ದು ನಡೆದ ಎಂಬುದು ಏನಾಗಿಲ್ಲ ಎಂಬುದಕ್ಕೆ ಸಾಕ್ಷಿಯಾಗದು.

ಮುಂಬೈಯವರಿಗೆ ಇನ್ನೊಂದು ಮಾತು. ಅಲ್ಲಿನ ಆಜಾದ್ ಮೈದಾನದಂಥ ಕಡೆ ಒಂದರ ಮೇಲೊಂದು ಪಿಚ್ಚು, ನಿಮ್ಮ ಮಗ ಒಂದು ಪಂದ್ಯದ ಥರ್ಡ್ ಮ್ಯಾನ್, ಪಕ್ಕದ ಪಂದ್ಯಕ್ಕೆ ಮಿಡ್ ವಿಕೆಟ್. ಬೆನ್ನ ಹಿಂದಿನಿಂದ ಯಾರದೋ ಚೆಂಡು ಬರುತ್ತದೆ. 2024ರ ಜನವರಿಯಲ್ಲಿ ಮಾಟುಂಗದ ಒಂದು ಮೈದಾನದಲ್ಲಿ ಫೀಲ್ಡಿಂಗ್‌ಗೆ ನಿಂತಿದ್ದ ಆಟಗಾರರೊಬ್ಬರು ಪಕ್ಕದ ಪಂದ್ಯದ ಚೆಂಡು ತಲೆಗೆ ಬಡಿದು ತೀರಿಕೊಂಡರು. ಫೀಲ್ಡರಿಗೆ ಹೆಲ್ಮೆಟ್ ಇರುವುದಿಲ್ಲ ಎಂಬುದು ಗಮನದಲ್ಲಿರಲಿ.

*ಹೃದಯದ ಕಡೆಯಿಂದ ಒಂದು ಎಚ್ಚರಿಕೆ*

ಯಾರೂ ತಾಗದೆ, ಏನೂ ಬಡಿಯದೆ, ಓಡುತ್ತಿದ್ದ ಹುಡುಗ ದಿಢೀರನೆ ಕುಸಿದರೆ, ಅಥವಾ ಚೆಂಡು ತಲೆಗಲ್ಲ ಎದೆಗೆ ಬಡಿದು ಕುಸಿದರೆ, ಅದು ನನ್ನ ವಿಭಾಗ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಆಂಬ್ಯುಲೆನ್ಸಿಗೆ ಕಾಯುತ್ತಾ ನಿಲ್ಲಬೇಡಿ. ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ ಇರಿ, ಯಾರಾದರೂ ಎಇಡಿ ಯಂತ್ರ ಹುಡುಕಲಿ. ಆಡುವಾಗ ಮೂರ್ಛೆ ಹೋದ ಮಗುವಿಗೆ ಇಸಿಜಿ, ಎಕೋ ಬೇಕೇ ಬೇಕು. ಇದರ ಬಗ್ಗೆ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ. ಈಗ ತಲೆಗೆ ವಾಪಸ್ ಬರೋಣ.

*ಕುಂಬ್ಳೆ ಆಡಲಿಲ್ಲವೇ?*

ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 2002, ಆಂಟಿಗುವಾ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಎಸೆತ ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದರು. ನೆನೆದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ನಾನೂ ಆ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬೆಳೆದವನು. ಆದರೆ ಅವರಿಗೆ ಮುರಿದದ್ದು ದವಡೆ. ಮುರಿದ ದವಡೆ ನೋಯುತ್ತದೆ, ನೋವನ್ನು ಗಟ್ಟಿ ಮನಸ್ಸಿನವರು ಸಹಿಸಬಹುದು. ಮೆದುಳಿಗೆ ಪೆಟ್ಟಾದಾಗ ಸಹಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವ ಅಂಗಕ್ಕೇ ಪೆಟ್ಟಾಗಿರುತ್ತದೆ. 14 ವರ್ಷದ ಹುಡುಗನಿಗೆ ಕುಂಬ್ಳೆ ಕಥೆ ಹೇಳಿ ಮತ್ತೆ ಕ್ರೀಸಿಗೆ ಕಳಿಸುವ ಅಪ್ಪಂದಿರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಅದಕ್ಕಿಂತ ನಮ್ಮ ಮಯಾಂಕ್ ಅಗರ್ವಾಲ್ ಕಥೆ ಹೇಳಿ. 2021ರ ಆಗಸ್ಟ್, ಇಂಗ್ಲೆಂಡಿನ ನಾಟಿಂಗ್‌ಹ್ಯಾಂ. ಮೊದಲ ಟೆಸ್ಟಿಗೆ ಎರಡು ದಿನ ಇರುವಾಗ ನೆಟ್ಸ್‌ನಲ್ಲಿ ಸಿರಾಜ್ ಬೌನ್ಸರ್ ಹೆಲ್ಮೆಟ್ಟಿಗೆ ಬಡಿಯಿತು. ಕನ್‌ಕಷನ್ ಎಂದು ತಂಡದ ವೈದ್ಯರು ಆ ಟೆಸ್ಟಿನಿಂದ ಹೊರಗಿಟ್ಟರು. ಅವರ ಬದಲು ಇನ್ನಿಂಗ್ಸ್ ಆರಂಭಿಸಿದವರು ಮತ್ತೊಬ್ಬ ಕನ್ನಡಿಗ ಕೆ.ಎಲ್. ರಾಹುಲ್, 84 ಹೊಡೆದರು, ಮುಂದಿನ ಲಾರ್ಡ್ಸ್ ಟೆಸ್ಟಿನಲ್ಲಿ 129. ಮಯಾಂಕ್‌ಗೆ ಜಾಗ ಹೋಯಿತು ನಿಜ. ಆದರೂ ಮುಂಬೈಯಲ್ಲಿ ಅದೇ ಡಿಸೆಂಬರಿನಲ್ಲಿ ನ್ಯೂಜಿಲೆಂಡ್ ಎದುರು ಅವರೇ 150 ಹೊಡೆದರು. ಜಾಗ ಮತ್ತೆ ಸಿಗುತ್ತದೆ.

ಪೆಟ್ಟಾದ ತಕ್ಷಣ ಪರೀಕ್ಷೆ ಮಾಡಿ ಸರಿಯಿದೆ ಎಂದ ಮಾತೂ ಕೊನೆಯ ಮಾತಲ್ಲ. 2019ರಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಡಾಕ್ಟರು ಪರೀಕ್ಷಿಸಿದರು, ಪಾಸಾದರು, ಮುಕ್ಕಾಲು ಗಂಟೆಯಲ್ಲಿ ಮತ್ತೆ ಬ್ಯಾಟಿಂಗ್‌ಗೆ ಬಂದರು. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಕು. ಕನ್‌ಕಷನ್‌ಗೆ ಬದಲಿ ಆಟಗಾರ ಎಂಬ ನಿಯಮ ಆ ತಿಂಗಳಷ್ಟೇ ಜಾರಿಗೆ ಬಂದಿತ್ತು. ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಅಂಥ ಬದಲಿಯಾದರು, ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಅಷ್ಟೆಲ್ಲ ವೈದ್ಯರು, ಅಷ್ಟೊಂದು ಕ್ಯಾಮೆರಾ ಇರುವಲ್ಲೇ ಲಕ್ಷಣ ಮರುದಿನ ಕಾಣಿಸಿಕೊಂಡಿತು. ನಮ್ಮ ಶಾಲೆಯ ಮೈದಾನದಲ್ಲಿ ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ, ಅದರಲ್ಲಿ ಒಂದು ಡೆಟಾಲ್ ಸೀಸೆ.

*ಎರಡನೆಯ ಪೆಟ್ಟು*

ಇಷ್ಟೊಂದು ಹಟ ಏಕೆ ಎಂದರೆ, ಮೊದಲ ಪೆಟ್ಟಿನಿಂದ ಸುಧಾರಿಸಿಕೊಳ್ಳುವ ಮೊದಲೇ ಎರಡನೆಯದು ಬೀಳಬಹುದು. ತಲೆ ಮಂಕಾಗಿರುವ ಹುಡುಗನಿಗೆ ಚೆಂಡು ತಡವಾಗಿ ಕಾಣುತ್ತದೆ, ಕಾಲು ತಡವಾಗಿ ಸರಿಯುತ್ತದೆ, ಹಾಗಾಗಿ ಮತ್ತೆ ಪೆಟ್ಟು ತಿನ್ನುವ ಸಂಭವವೇ ಹೆಚ್ಚು. ಹಾಗೆ ತಿಂದರೆ ಚೇತರಿಕೆ ವಾರಗಳಿಂದ ತಿಂಗಳುಗಳಿಗೆ ಹೋಗಬಹುದು. ಬಹಳ ಅಪರೂಪಕ್ಕೆ, ಅದೂ ಹೆಚ್ಚಾಗಿ ಹದಿಹರೆಯದವರಲ್ಲಿ, ಮೆದುಳಿನ ರಕ್ತನಾಳಗಳ ಹಿಡಿತವೇ ತಪ್ಪಿ ನಿಮಿಷಗಳಲ್ಲಿ ಮೆದುಳು ಊದಿಕೊಳ್ಳುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಝಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆ ನೆಲಕ್ಕೆ ಬಡಿದುಕೊಂಡ. ಸ್ವಲ್ಪ ಹೊತ್ತು ಹೊರಗೆ ಕೂತ, ದ್ವಿತೀಯಾರ್ಧದಲ್ಲಿ ಮತ್ತೆ ಆಡಿದ. ಪಂದ್ಯ ಮುಗಿದಾಗ ಮೈದಾನದಲ್ಲೇ ಕುಸಿದ. ಜೀವ ಉಳಿಸಲು ತಲೆಬುರುಡೆಯ ಎರಡೂ ಬದಿ ತೆರೆಯಬೇಕಾಯಿತು. ಬದುಕಿದ. ಮಾತು ಬರಲು ತಿಂಗಳುಗಳು, ಎದ್ದು ನಿಲ್ಲಲು ವರ್ಷಗಳು ಹಿಡಿದವು. ಅವನ ಹೆಸರಿನಲ್ಲಿ 2009ರಲ್ಲಿ ಆ ರಾಜ್ಯ ಕಾನೂನು ತಂದಿತು. ಕನ್‌ಕಷನ್ ಅನುಮಾನವಿದ್ದರೆ ಮಗುವನ್ನು ಆಟದಿಂದ ಹೊರಗೆ ತರಬೇಕು, ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಬರೆದು ಕೊಡದೆ ಮತ್ತೆ ಸೇರಿಸಬಾರದು, ತಂದೆತಾಯಿ ಪ್ರತಿ ವರ್ಷ ಈ ಮಾಹಿತಿ ಓದಿ ಸಹಿ ಹಾಕಬೇಕು. ಐದೇ ವರ್ಷಗಳಲ್ಲಿ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ನಮ್ಮಲ್ಲಿ ಮೈದಾನದ ಬದಿಯಲ್ಲಿ ನಿಂತ ಅಪ್ಪ ಅಮ್ಮನೇ ಆ ಕೆಲಸ ಮಾಡಬೇಕು.

*ಮನೆಯಲ್ಲಿ ಮೊದಲ ಎರಡು ದಿನ*

"ರಾತ್ರಿಯಿಡೀ ಮಲಗಲು ಬಿಡಬೇಡಿ" ಎಂಬ ಹಳೆಯ ಮಾತು ಬೇಡ. ಡಾಕ್ಟರು ನೋಡಿ ಮನೆಗೆ ಕಳಿಸಿದ್ದರೆ, ಅಪಾಯದ ಲಕ್ಷಣ ಇಲ್ಲದಿದ್ದರೆ ಮಲಗಲಿ. ನಿದ್ದೆಯೇ ಔಷಧ. ದೊಡ್ಡವರೊಬ್ಬರು ಅದೇ ಕೋಣೆಯಲ್ಲಿರಲಿ. ತಲೆನೋವಿಗೆ ಡಾಕ್ಟರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಕಾಂಬಿಫ್ಲಾಮ್, ಬ್ರೂಫೆನ್, ಡಿಸ್ಪ್ರಿನ್ ಮೊದಲ ಎರಡು ದಿನ ಬೇಡ, ಒಳಗೆ ರಕ್ತ ಸೋರುವುದಿದ್ದರೆ ಅವು ಹೆಚ್ಚಿಸಬಹುದು. ಡಿಸ್ಪ್ರಿನ್ ಎಂದರೆ ಆಸ್ಪಿರಿನ್, ಅದನ್ನು ಡಾಕ್ಟರು ಬರೆದು ಕೊಡದೆ ಮಕ್ಕಳಿಗೆ ಯಾವಾಗಲೂ ಕೊಡಬಾರದು. ಊದಿದ ಕಡೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು.

ಮೊಬೈಲು, ಟಿವಿ ಈ 48 ಗಂಟೆ ಆದಷ್ಟು ದೂರ. ಜಗಳವಾಗುತ್ತದೆ, ಆಗಲಿ. ಹಾಗೆಂದು ಹಿಂದಿನಂತೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ಈಗ ಬಿಟ್ಟಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಸೇರಿದ ಕ್ರೀಡಾ ಕನ್‌ಕಷನ್ ತಜ್ಞರ ಸಮ್ಮೇಳನದ ಒಮ್ಮತವೂ ಇದೇ: ಒಂದೆರಡು ದಿನ ಹಗುರ ವಿಶ್ರಾಂತಿ, ಮನೆಯೊಳಗೆ ಓಡಾಟ, ಆಮೇಲೆ ನಿಧಾನವಾಗಿ ನಡಿಗೆ.

*ಮೊದಲು ಶಾಲೆ, ಆಮೇಲೆ ಮೈದಾನ*

ನಮ್ಮ ಹುಡುಗನಿಗೆ ಆಟಕ್ಕಿಂತ ಕಷ್ಟವಾದದ್ದು ಓದು. ತಂಗಿಗೆ ಅದೇ ಚಿಂತೆ. ಶಾಲೆ, ಅದರ ಮೇಲೆ ಟ್ಯೂಷನ್, ಅದರ ಮೇಲೆ ಫೌಂಡೇಷನ್ ಕೋರ್ಸು. ಟ್ಯೂಷನ್ ಎರಡು ವಾರ ನಿಲ್ಲಿಸಿದೆವು. ಶಾಲೆಗೆ ಮೊದಲು ಅರ್ಧ ದಿನ, ತಲೆನೋವು ಬಂದರೆ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಅನುಮತಿ, ಯೂನಿಟ್ ಟೆಸ್ಟಿನಿಂದ ವಿನಾಯಿತಿ. ಕ್ಲಾಸ್ ಟೀಚರಿಗೆ ಪತ್ರ ಬರೆದುಕೊಟ್ಟಾಗ ಅವರು ತಕ್ಷಣ ಒಪ್ಪಿದರು. ಕೈಗೆ ಪ್ಲಾಸ್ಟರ್ ಇದ್ದರೆ ಎಲ್ಲರಿಗೂ ಕಾಣುತ್ತದೆ, ಈ ಪೆಟ್ಟು ಕಾಣುವುದಿಲ್ಲ, ಆದ್ದರಿಂದ ಬರೆದೇ ಕೊಡಿ. ಪೂರ್ತಿ ದಿನ ಶಾಲೆಯಲ್ಲಿ ಕೂತು, ಹೋಂವರ್ಕ್ ಮಾಡಿ, ತಲೆನೋವಿಲ್ಲದೆ ಮಲಗುವಂತಾಗುವ ತನಕ ಪಂದ್ಯದ ಮಾತು ಎತ್ತಬೇಡಿ.

*ಮೆಟ್ಟಿಲು ಹತ್ತುವ ಹಾಗೆ*

ಇಲ್ಲಿ ಹೃದಯದ ಡಾಕ್ಟರಿಗೂ ಸ್ವಲ್ಪ ಕೆಲಸವಿದೆ. ಆಟಕ್ಕೆ ಮರಳುವ ಮೊದಲ ಮೆಟ್ಟಿಲುಗಳನ್ನು ಅಳೆಯುವುದು ನಾಡಿಯಿಂದ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ನಾಡಿಬಡಿತದ ಒರಟು ಅಂದಾಜು ಸಿಗುತ್ತದೆ. 14 ವರ್ಷಕ್ಕೆ 206.

ಮನೆಯೊಳಗಿನ ಓಡಾಟ ಸರಿಹೋದ ಮೇಲೆ ಬಿರುಸು ನಡಿಗೆ ಅಥವಾ ನಿಂತಲ್ಲೇ ತುಳಿಯುವ ಸೈಕಲ್. ನಾಡಿ ಗರಿಷ್ಠದ ಶೇಕಡಾ 55ರ ಒಳಗೆ, ಅಂದರೆ ನಮ್ಮ ಹುಡುಗನಿಗೆ ಸುಮಾರು 113. ಅದು ಒಗ್ಗಿದರೆ ಶೇಕಡಾ 70ರ ತನಕ, ಅವನಿಗೆ 144. ಸ್ಮಾರ್ಟ್ ವಾಚ್ ಇಲ್ಲದಿದ್ದರೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ. 28 ಬಂದರೆ ಮೊದಲ ಗೆರೆ, 36 ಬಂದರೆ ಎರಡನೆಯದು. ಆಮೇಲೆ ಒಬ್ಬನೇ ಮಾಡುವ ಆಟದ ಅಭ್ಯಾಸ: ಓಟ, ದಿಕ್ಕು ಬದಲಿಸುವುದು, ನೆರಳು ಬ್ಯಾಟಿಂಗ್. ಇಲ್ಲಿಯವರೆಗೆ ತಲೆಗೆ ಮತ್ತೆ ಪೆಟ್ಟಾಗುವ ಪ್ರಸಂಗವೇ ಬರಬಾರದು, ಎದುರಿನಿಂದ ಚೆಂಡು ಬೇಡ.

ಪ್ರತಿ ಮೆಟ್ಟಿಲಿಗೆ ಕಡಿಮೆ ಎಂದರೂ ಒಂದು ಪೂರ್ತಿ ದಿನ. ತಲೆನೋವು, ತಲೆಸುತ್ತಿಗೆ ಮಗುವೇ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲಿ. ವ್ಯಾಯಾಮದಲ್ಲಿ ಒಂದೆರಡು ಅಂಕ ಏರಿ ಒಂದು ಗಂಟೆಯೊಳಗೆ ಇಳಿದರೆ ಭಯವಿಲ್ಲ. ಅದಕ್ಕಿಂತ ಏರಿದರೆ ಅವತ್ತಿಗೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಿ. ಈ ಹಗುರ ವ್ಯಾಯಾಮ ಸುಮ್ಮನೆ ಕಾಲ ಕಳೆಯಲು ಅಲ್ಲ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಡಾ. ಜಾನ್ ಲೆಡ್ಡಿ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಅಳತೆಯಲ್ಲಿ ವ್ಯಾಯಾಮ ಮಾಡಿದ ಹದಿಹರೆಯದವರು ಸುಮಾರು 13 ದಿನಕ್ಕೆ ಗುಣವಾದರು, ಬರೀ ಮೈಚಾಚುವ ವ್ಯಾಯಾಮ ಮಾಡಿದವರಿಗೆ 17 ದಿನ ಬೇಕಾಯಿತು.

ಇದರಾಚೆಗೆ ತಂಡದ ಜೊತೆ ಅಭ್ಯಾಸ, ಆಮೇಲೆ ನೆಟ್ಸ್‌ನಲ್ಲಿ ವೇಗದ ಬೌಲಿಂಗ್ ಅಥವಾ ಕಬಡ್ಡಿಯ ಹಿಡಿತ, ಕೊನೆಗೆ ಪಂದ್ಯ. ಈ ಮೂರಕ್ಕೆ ಹತ್ತುವ ಮೊದಲು ಎಲ್ಲ ಲಕ್ಷಣ ಹೋಗಿರಬೇಕು, ಡಾಕ್ಟರು ಮತ್ತೊಮ್ಮೆ ನೋಡಿರಬೇಕು. ಬ್ರಿಟನ್ನಿನಲ್ಲಿ 2023ರಲ್ಲಿ ಶಾಲೆ, ಕ್ಲಬ್ ಮಟ್ಟದ ಆಟಗಳಿಗೆ ತಂದ ಮಾರ್ಗಸೂಚಿ ಇನ್ನೂ ಬಿಗಿ: ಯಾವ ಲಕ್ಷಣವೂ ಇಲ್ಲದೆ 14 ದಿನ ಕಳೆಯದೆ ಮೈಗೆ ಮೈ ತಾಗುವ ಅಭ್ಯಾಸವಿಲ್ಲ, 21 ದಿನಕ್ಕೆ ಮೊದಲು ಪಂದ್ಯವಿಲ್ಲ. ಮೈದಾನದಲ್ಲಿ ಡಾಕ್ಟರೇ ಇಲ್ಲದ ನಮ್ಮ ಊರುಗಳಿಗೆ ಈ ಬಿಗಿ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ. ನಾಲ್ಕು ವಾರವಾದರೂ ತಲೆನೋವು, ಮಂಕು, ನಿದ್ದೆಯ ತೊಂದರೆ ಹೋಗದಿದ್ದರೆ, ಅಥವಾ ಇದು ಎರಡನೆಯ ಮೂರನೆಯ ಕನ್‌ಕಷನ್ ಆಗಿದ್ದರೆ ನರರೋಗ ತಜ್ಞರಿಗೋ ಕ್ರೀಡಾ ವೈದ್ಯರಿಗೋ ತೋರಿಸಲೇಬೇಕು.

*ಸರ್ಟಿಫಿಕೇಟ್*

ಈಗಲೂ ವರ್ಷಕ್ಕೆ ನಾಲ್ಕೈದು ಅಪ್ಪಂದಿರು ನನ್ನ ಬಳಿ ಬರುತ್ತಾರೆ. "ಡಾಕ್ಟರೇ, ಇಸಿಜಿ ನಾರ್ಮಲ್ ಇದೆಯಲ್ಲ, ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಡಿ, ಭಾನುವಾರ ಮ್ಯಾಚಿದೆ." ಇಸಿಜಿ ಹೃದಯದ ಮಾತು ಹೇಳುತ್ತದೆ, ತಲೆಗೆ ಪೆಟ್ಟಾದವನಿಗೆ ನಾನು ಅದರ ಮೇಲೆ ಸಹಿ ಹಾಕುವುದಿಲ್ಲ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಇನ್ನೊಬ್ಬರ ಸಹಿ ಸಿಗುವುದೂ ಕಷ್ಟವಲ್ಲ ಎಂದು ನನಗೆ ಗೊತ್ತು. ಸಹಿ ಹಾಕುವ ಡಾಕ್ಟರನ್ನು ನೀವೇ ಮೂರು ಪ್ರಶ್ನೆ ಕೇಳಿ: ಪೆಟ್ಟು ಯಾವತ್ತು ಬಿತ್ತೆಂದು ಕೇಳಿದರಾ? ಓಡಿಸಿ ನೋಡಿದರಾ, ಅಥವಾ ಓಡಿದಾಗ ಏನಾಗುತ್ತದೆಂದು ವಿಚಾರಿಸಿದರಾ? ಶಾಲೆಯ ಬಗ್ಗೆ ಕೇಳಿದರಾ?

ಹೆಲ್ಮೆಟ್ ಬಗ್ಗೆ ಒಂದು ಮಾತು ಉಳಿಯಿತು. ಅದು ತಲೆಬುರುಡೆ ಒಡೆಯುವುದನ್ನು, ಮುಖದ ಮೂಳೆ ಮುರಿಯುವುದನ್ನು ತಪ್ಪಿಸುತ್ತದೆ. ಒಳಗೆ ಮೆದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು. ಆದರೂ ಬೇಕೇ ಬೇಕು. ಅಣ್ಣನದು ತಮ್ಮನಿಗೆ ಎಂದು ದೊಡ್ಡ ಸೈಜಿನದು ಹಾಕಿಸಬೇಡಿ, ಜೋರು ಪೆಟ್ಟು ತಿಂದ ಹೆಲ್ಮೆಟ್ ಬದಲಿಸಿ. 2014ರಲ್ಲಿ ಸಿಡ್ನಿಯಲ್ಲಿ ಫಿಲಿಪ್ ಹ್ಯೂಸ್ ಹೆಲ್ಮೆಟ್ ಹಾಕಿಯೇ ಇದ್ದರು, ಚೆಂಡು ಬಡಿದದ್ದು ಅದರ ಕೆಳಗೆ ಕುತ್ತಿಗೆಗೆ. ಅದಾದ ಮೇಲೆಯೇ ಹಿಂಬದಿಗೆ ಕುತ್ತಿಗೆಯ ರಕ್ಷಕ ಬಳಕೆಗೆ ಬಂದದ್ದು, ಅದನ್ನೂ ಹಾಕಿಸಿ.

ನನ್ನ ಅಳಿಯ ಆರನೆಯ ವಾರ ನೆಟ್ಸ್‌ಗೆ ಮರಳಿದ. ಆ ವರ್ಷದ ಸೆಲೆಕ್ಷನ್ ತಪ್ಪಿತು, ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದ. ಈಗ ಅವನಿಗೆ 16, ಕಾಲೇಜು ತಂಡದಲ್ಲಿದ್ದಾನೆ. ಸ್ಪಿನ್ನರ್ ಬಂದ ಕೂಡಲೇ ಹೆಲ್ಮೆಟ್ ತೆಗೆದು ಟೋಪಿ ಹಾಕಿಕೊಳ್ಳುತ್ತೇನೆ ಎನ್ನುತ್ತಾನೆ, ಹಳೆ ಕಾಲದವರ ಹಾಗೆ. ಆ ಜಗಳ ನಮ್ಮಿಬ್ಬರ ನಡುವೆ ಇನ್ನೂ ನಡೆದಿದೆ.